ಚಿನ್ನದಂಚಿನ ಶಾಪ

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆ ಮಾಡಿದವನು ನಮ್ಮ ಸಭೆಗೆ ಒಂದು ಭಾನುವಾರವೂ ಬಂದವನಲ್ಲ. ಇಲ್ಲಿ ಕಳ್ಳ ಅಂದ ಕೂಡಲೇ ಎಲ್ಲರೂ ಪಕ್ಕದವರ ಹೆಗಲು ನೋಡುತ್ತಾರೆ. ಅಲ್ಲೂ ಬೂದಿ ಕಾಣದಿದ್ದರೆ ರಸ್ತೆಯಾಚೆಯ ಸಭೆಯವರ ಹೆಗಲು ನೋಡುತ್ತಾರೆ. ತಮ್ಮದೊಂದನ್ನು ಬಿಟ್ಟು ಊರಿನ ಹೆಗಲುಗಳೆಲ್ಲ ಅವರಿಗೆ ಬಾಯಿಪಾಠ.

ಈ ವಿದ್ಯೆಯನ್ನು ಅವರಿಗೆ ಕಲಿಸಿದವರು ನಮ್ಮ ಯಜಮಾನರೇ. ನಾನು ಪಾಸ್ಟರ ಹೆಂಡತಿ, ಊರಿನ ಬಾಯಲ್ಲಿ ಪಾಸ್ಟರಮ್ಮ. ಮದುವೆಯಾದಾಗಿನಿಂದ ಮುಂದಿನ ಸಾಲಿನಲ್ಲಿ ಕೂತು ಇವರ ಪ್ರಸಂಗ ಕೇಳುತ್ತಿದ್ದೇನೆ. ಪ್ರವಾದಿಗಳೆಂದರೆ ಇವರಿಗೆ ಪ್ರಾಣ. ಆ ಪ್ರವಾದಿಗಳೋ, ಬಾಯಿ ತೆರೆದರೆ ಬೆಂಕಿ, ಕಲ್ಲುಮಳೆ, ಕತ್ತಿ, ಮಿಡತೆ. ಅದೆಲ್ಲವನ್ನೂ ಇವರು ಪ್ರತಿ ಭಾನುವಾರ ಊರಿಗೆ ಟಪಾಲಿನವನ ಹಾಗೆ ಹಂಚುತ್ತಾರೆ. ಬೈಬಲಿನಲ್ಲಿ ಶಾಪ ತಿಂದ ನಾಡುಗಳಲ್ಲಿ ಮೋವಾಬು ಅಂದರೆ ನಮ್ಮೂರ ಸಿನಿಮಾ ಮಂದಿರ. ಬಾಬೆಲು ಅಂದರೆ ಮೂಲೆಯ ಹೆಂಡದಂಗಡಿ. ನಿನೆವೆ ಅಂದರೆ ರಸ್ತೆಯಾಚೆ ಕೈಯೆತ್ತಿ ಕುಣಿಯುವ ಸಭೆ. ನಮ್ಮ ವಿಳಾಸಕ್ಕೆ ಮಾತ್ರ ಒಂದು ಮಿಡತೆಯೂ ಬಂದದ್ದಿಲ್ಲ. ನಮಗೆ ಬರುವುದೆಲ್ಲ ಆಶೀರ್ವಾದ.

ಆಶೀರ್ವಾದ ಬರುವ ದಿನವೂ ಗೊತ್ತುಮಾಡಿದ್ದೇ, ವರ್ಷದ ಮೊದಲ ಭಾನುವಾರ. ಅಂದು ಒಂದು ಪೆಟ್ಟಿಗೆಯ ತುಂಬ ವಾಗ್ದಾನದ ಕಾರ್ಡುಗಳನ್ನು ಇಟ್ಟಿರುತ್ತಾರೆ. ಮನೆಗೊಬ್ಬರಂತೆ ಮುಂದೆ ಬಂದು, ಕಣ್ಣು ಮುಚ್ಚಿ ಒಂದನ್ನು ತೆಗೆಯಬೇಕು. ಅದರಲ್ಲಿ ಇರುವ ವಚನ ಆ ವರ್ಷಕ್ಕೆ ಆ ಮನೆಗೆ ದೇವರ ಮಾತು. 'ಭಯಪಡಬೇಡ, ನಾನು ನಿನ್ನ ಸಂಗಡ ಇದ್ದೇನೆ', 'ನಿನ್ನ ಕಣಜ ತುಂಬುವುದು', ಹೀಗೆ. ಮೊದಲು ಜನ ಕಾರ್ಡು ಓದಿ, ರುಚಿಸದಿದ್ದರೆ ಮೆಲ್ಲಗೆ ಪೆಟ್ಟಿಗೆಗೆ ವಾಪಸು ಹಾಕಿ ಇನ್ನೊಂದು ತೆಗೆಯುತ್ತಿದ್ದರು. ಒಂದು ವರ್ಷ ಹಲ್ಲಿನ ಡಾಕ್ಟರು ಹಾಗೆ ನಾಲ್ಕು ಸಲ ಕೈ ಹಾಕಿದಾಗ ನಮ್ಮ ಸಭೆಯ ಖಜಾಂಚಿಗೆ ರೇಗಿತು. "ಇದೇನು ಲಾಟರಿ ಅಂಗಡೀನಾ?" ಎಂದು ಅಂದೇ ನಿಯಮ ಮಾಡಿದರು: ತೆಗೆದದ್ದು ತೆಗೆದದ್ದೇ, ವಾಪಸಿಲ್ಲ, ಬದಲಾವಣೆಯಿಲ್ಲ. ಅಲ್ಲೇ ಮೈಕಿನಲ್ಲಿ ಮೊದಲಿಂದ ಕೊನೆಯವರೆಗೆ ಓದಬೇಕು, ಸಭೆಯೆಲ್ಲ ಆಮೆನ್ ಅನ್ನಬೇಕು.

ಈ ಖಜಾಂಚಿ ಕಬ್ಬಿಣದಂಗಡಿಯ ಸಾಹುಕಾರರು. ನಮ್ಮ ಸಭಾಮಂದಿರದ ಸೂರಿನ ತಗಡೆಲ್ಲ ಅವರು ಕೊಟ್ಟದ್ದು. ಮಳೆ ಬಂದರೆ ಪ್ರಸಂಗ ಕೇಳಿಸದಷ್ಟು ಸದ್ದು ಮಾಡುತ್ತದೆ, ಅದೊಂದು ಉಪಕಾರ. ಅವರು ನನಗೆ ಬೀಗರೂ ಹೌದು. ನನ್ನ ಒಬ್ಬಳೇ ಮಗಳನ್ನು ಅವರ ಮಗನಿಗೆ ಕೊಟ್ಟಿದ್ದೇವೆ. ಕೊಟ್ಟಿದ್ದೆವು ಎನ್ನಬೇಕೋ ಏನೋ, ನಾನು ಹೇಳಹೊರಟಿರುವ ಆ ಭಾನುವಾರದ ತನಕ ಅದೇ ತೀರ್ಮಾನವಾಗಿರಲಿಲ್ಲ.

ಮಗಳು ಡಿಸೆಂಬರಿನಲ್ಲಿ ಮನೆಗೆ ಬಂದಳು. ಎಡಗೈಯ ಎರಡು ಬೆರಳು ಊದಿ ನೀಲಿಯಾಗಿದ್ದವು. ಕಾರಿನ ಬಾಗಿಲಿಗೆ ಸಿಕ್ಕಿತು ಎಂದು ಅಳಿಯ ಫೋನಿನಲ್ಲಿ ಹೇಳಿದ. ಮಗಳು ಏನೂ ಹೇಳಲಿಲ್ಲ, ಉದ್ದ ತೋಳಿನ ರವಿಕೆಗಳನ್ನು ಮಾತ್ರ ಹೊರತೆಗೆದು ಇಟ್ಟುಕೊಂಡಳು. ಆ ತೋಳುಗಳ ಕೆಳಗೆ ಇನ್ನೂ ಏನಿತ್ತೆಂದು ಸ್ನಾನದ ಮನೆಯಲ್ಲಿ ಬೆನ್ನುಜ್ಜುವಾಗ ನಾನು ನೋಡಿದೆ. ನೋಡಿ ಅಡುಗೆಮನೆಗೆ ಹೋಗಿ ಕಂಬದ ಹಾಗೆ ನಿಂತೆ, ಒಲೆಯ ಮೇಲೆ ಹಾಲು ಉಕ್ಕಿ ಹೋದದ್ದೂ ಗೊತ್ತಾಗಲಿಲ್ಲ.

"ರೀ, ಅವಳ ಕೈ ನೋಡಿದ್ರಾ?" ಎಂದು ಇವರನ್ನು ಕೇಳಿದೆ.

"ನೋಡ್ದೆ. ಕಾರಿನ ಬಾಗಿಲು ಅಂತಾನಲ್ಲ ಅವನು."

"ಬಾಗಿಲು ತಾನಾಗೇ ಹಾಕ್ಕೊಳ್ತಾ?"

"ಪ್ರಾರ್ಥನೆ ಮಾಡೋಣ," ಎಂದರು ಇವರು. ನಮ್ಮ ಮನೆಯಲ್ಲಿ 'ಪ್ರಾರ್ಥನೆ ಮಾಡೋಣ' ಅಂದರೆ 'ಬಾಯಿ ಮುಚ್ಚು' ಎಂದರ್ಥ.

ಸಭೆಯಲ್ಲಿ ಕೀಬೋರ್ಡು ನುಡಿಸುವವಳು ನನ್ನ ಮಗಳೇ. ಮುಂದಿನ ಭಾನುವಾರ ಬಲಗೈ ಒಂದರಲ್ಲೇ ನುಡಿಸಿದಳು. ಆರಾಧನೆ ಮುಗಿದ ಮೇಲೆ ಗಾಯನ ತಂಡದ ಮುಖ್ಯಸ್ಥ ಬಂದು, "ಹಾಡಿಗೆ ತೂಕಾನೇ ಇಲ್ವಲ್ಲಮ್ಮಾ ಇವತ್ತು" ಎಂದ. ಅಷ್ಟು ಜನರಲ್ಲಿ ಇನ್ನೊಂದು ಕೈ ಎಲ್ಲಿ ಹೋಯಿತು ಎಂದು ಕೇಳಿದವರು ಒಬ್ಬರೂ ಇಲ್ಲ. ಎಲ್ಲರಿಗೂ ಗೊತ್ತಿತ್ತು, ಕೇಳುವುದೇನು? ಕೇಳಿದರೆ ಬೀಗರ ಮುಖ ನೋಡಬೇಕಾಗುತ್ತದೆ. ಬೀಗರ ಅಂಗಡಿಯಲ್ಲಿ ಸಾಲಕ್ಕೆ ಸಾಮಾನು ತಾರದವರು ಸಭೆಯಲ್ಲಿ ಯಾರಿದ್ದಾರೆ?

ಮದುವೆ ಮುರಿಯದ ಹಾಗೆ ನೋಡಿಕೊಳ್ಳಲು ಬೀಗರೇ ಒಂದು ಸಂಜೆ ಮನೆಗೆ ಬಂದರು. ಕುರ್ಚಿ ಅವರಿಗೆ ಸಾಲದು, ಸೋಫಾದ ಮಧ್ಯೆ ಕೂತರು.

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ, ಪಾಸ್ಟರಮ್ಮಾ."

"ಜಗಳ ಮಲಗಿತೋ ಏನೋ ಬೀಗರೇ. ಬೆರಳಿನ್ನೂ ಮಲಗಿಲ್ಲ," ಎಂದೆ.

ಅವರು ನನ್ನ ಮಾತು ಕೇಳಿಸಿಕೊಳ್ಳದವರ ಹಾಗೆ ಇವರ ಕಡೆ ತಿರುಗಿದರು. "ದೇವರ ವಾಕ್ಯ ಏನನ್ನುತ್ತೆ ಪಾಸ್ಟರ್? 'ವಿವಾಹ ಮುರಿಯುವುದನ್ನು ನಾನು ಹಗೆ ಮಾಡುತ್ತೇನೆ'. ಪ್ರವಾದಿ ಬಾಯಲ್ಲಿ ದೇವರೇ ಹೇಳಿಸಿದ್ದು. ಹೌದೋ ಅಲ್ವೋ?"

"ಹೌದು, ಹಾಗಂತ ಬರೆದಿದೆ," ಎಂದರು ಇವರು.

"ಅಷ್ಟೇನಾ ಬರೆದಿರೋದು?" ಎಂದು ನಾನು ಕೇಳಿದೆ. ಇವರು ಫ್ಯಾನಿನ ರೆಕ್ಕೆ ಎಣಿಸುವವರ ಹಾಗೆ ಮೇಲೆ ನೋಡಿದರು. ಅಷ್ಟೇ ಅಲ್ಲವೆಂದು ಇವರಿಗೆ ಗೊತ್ತು. ಇವರ ಬಾಯಲ್ಲೇ ಕೇಳಿ ಕೇಳಿ ನನಗೂ ಗೊತ್ತು. ಬೀಗರು ಮಾತ್ರ ಆ ವಚನದ ಪೂರ್ವಾರ್ಧದಲ್ಲೇ ಮನೆ ಕಟ್ಟಿಕೊಂಡು ಸುಖವಾಗಿದ್ದವರು.

ತೀರ್ಮಾನವಾಯಿತು. ವರ್ಷದ ಮೊದಲ ಭಾನುವಾರ, ಕಾರ್ಡು ತೆಗೆಯುವುದು ಮುಗಿದ ಮೇಲೆ, ಇವರು ಮಗಳನ್ನೂ ಅಳಿಯನನ್ನೂ ಸಭೆಯ ಮುಂದೆ ಕರೆದು ಕೈ ಕೂಡಿಸಿ ಪ್ರಾರ್ಥಿಸುವುದು. ಅಲ್ಲಿಂದಲೇ ಅವಳು ಗಂಡನ ಕಾರು ಹತ್ತುವುದು. ಬೀಗರು ಹೋದ ಮೇಲೆ ನಾನು ಇವರ ಮೇಲೆ ಹರಿಹಾಯ್ದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದೆ. ಊರ ತಪ್ಪಿಗೆಲ್ಲ ಗಂಟಲು ಹರಿಯುವಂತೆ ಕೂಗುತ್ತೀರಿ, ಮನೆಯ ಮಗಳಿಗೆ ಒಂದು ಮಾತು ಬರಲಿಲ್ಲವಲ್ಲ ಎಂದೆ. ಇವರು "ನೋಡೋಣ, ಇನ್ನೂ ಸಮಯ ಇದೆ" ಎಂದರು. ಇವರ ಮಾತು ಯಾವತ್ತೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಆಚೆಗೂ ಬೆಳಕಿಲ್ಲ, ಈಚೆಗೂ ಬೆಳಕಿಲ್ಲ.

"ನೀನು ಹೋಗಲ್ಲ ಅಂತ ಹೇಳಿಬಿಡೇ," ಎಂದು ಮಗಳಿಗೆ ಹೇಳಿದೆ.

"ಅಪ್ಪ ಏನಂತಾರೋ ಕೇಳ್ಬೇಕು ಅಮ್ಮಾ," ಎಂದಳು. "ಮನೇಲಲ್ಲ. ಎಲ್ಲರ ಮುಂದೆ. ಅಲ್ಲಿ ನಿಂತಾಗಲಾದ್ರೂ ನನ್ನ ಪರವಾಗಿ ಒಂದು ಮಾತು ಬರುತ್ತೋ ಇಲ್ವೋ, ನಂಗದು ಗೊತ್ತಾಗ್ಬೇಕು."

ಆ ಒಂದು ಮಾತು ಬಾರದಿದ್ದರೆ ಈ ಹುಡುಗಿ ಸುಮ್ಮನೆ ಹೋಗಿ ಆ ಕಾರು ಹತ್ತಿಬಿಡುತ್ತಾಳೆ ಎಂದು ನನಗೆ ಅನಿಸಿತು.

ಇನ್ನು ಆ ವರ್ಷದ ಕಾರ್ಡಿನ ಕಥೆ. ನಮ್ಮವರಿಗೆ ವಾಗ್ದಾನ ಹಂಚಿದರೆ ಸಾಲದು, ಹೊರಗಿನವರಿಗೂ ಏನಾದರೂ ಹಂಚಬೇಕು ಎಂದು ಇವರಿಗೆ ಹೊಳೆದಿತ್ತು. ಏನು ಹಂಚುವುದು? ಶಾಪ. ಪ್ರವಾದಿಗಳ ಪುಸ್ತಕಗಳಿಂದ ಹುಡುಕಿ ಹುಡುಕಿ ಉಗ್ರವಾದ ನ್ಯಾಯತೀರ್ಪಿನ ವಚನಗಳನ್ನೇ ಆರಿಸಿದರು. ಹೆಂಡದಂಗಡಿ, ಸಿನಿಮಾ, ಬಸ್ ನಿಲ್ದಾಣದಲ್ಲಿ ಬೆಳಗ್ಗೆಯೇ ಅವನ್ನು ಕೊಡಬೇಕು, ಜನ ಓದಿ ನಡುಗಬೇಕು. ತೆಳು ಕಾಗದವಾದರೆ ಜನ ಬಿಸಾಡುತ್ತಾರೆ ಎಂದು ಶಾಪದ ಕಾರ್ಡುಗಳನ್ನು ದಪ್ಪ ಕಾಗದದಲ್ಲಿ, ಸುತ್ತ ಚಿನ್ನದ ಬಣ್ಣದ ಅಂಚು ಹಾಕಿಸಿ ಅಚ್ಚು ಮಾಡಿಸಿದರು. "ಚಿನ್ನ ಕಂಡ್ರೆ ಯಾವ ಪಾಪೀನೂ ಬಿಸಾಕಲ್ಲ," ಎಂದು ನನ್ನ ಮುಂದೆ ಹೆಮ್ಮೆಪಟ್ಟರು. ನಮ್ಮವರ ವಾಗ್ದಾನಕ್ಕೆ ಮಾಮೂಲಿ ತೆಳು ಕಾಗದ, ನಮ್ಮವರು ಹೇಗೂ ಜೋಪಾನ ಮಾಡುತ್ತಾರೆ. ಅಚ್ಚಿನ ಅಂಗಡಿಗೆ ಅಧ್ಯಾಯ, ವಚನದ ಸಂಖ್ಯೆಗಳನ್ನು ಮಾತ್ರ ಕೊಟ್ಟರು. ಅಂಗಡಿಯವನು ವಚನಗಳನ್ನು ಪೂರ್ತಿ ಅಚ್ಚು ಹಾಕಿದ. ಎಲ್ಲಿ ನಿಲ್ಲಿಸಬೇಕು ಎಂಬ ಜಾಣತನ ಕಲಿಯಲು ಅವನೇನು ಪಾಸ್ಟರೇ?

ಎರಡು ಪೆಟ್ಟಿಗೆ ಶನಿವಾರ ಸಂಜೆ ಸಭಾಮಂದಿರಕ್ಕೆ ಬಂದಾಗ ಇವರು ಯಾರದೋ ಕಾಯಿಲೆ ನೋಡಲು ಹೋಗಿದ್ದರು. ತೆಗೆದುಕೊಂಡವರು ಬೀಗರು. ಮುಚ್ಚಳ ಎತ್ತಿ ನೋಡಿದರು. ಒಂದರಲ್ಲಿ ಚಿನ್ನದಂಚು, ಇನ್ನೊಂದರಲ್ಲಿ ಬರೀ ಕಾಗದ. ಕನ್ನಡಕ ಹಾಕಿಕೊಂಡು ಒಂದನ್ನಾದರೂ ಓದಬೇಕೆಂದು ಅವರಿಗೆ ಅನಿಸಲೇ ಇಲ್ಲ. ಒಳ್ಳೆಯದು ನಮಗೆ, ಸಾಧಾರಣದ್ದು ಊರಿಗೆ. ಇದರಲ್ಲಿ ಓದಿ ತಿಳಿಯುವುದೇನಿದೆ? ತೆಳು ಕಾಗದದ ಪೆಟ್ಟಿಗೆಯನ್ನು ಯುವಕರ ತಂಡಕ್ಕೆ ಕೊಟ್ಟು ಹೊರಗೆ ಹಂಚಲು ಹೇಳಿದರು. ಚಿನ್ನದಂಚಿನ ಪೆಟ್ಟಿಗೆಯನ್ನು ಪೀಠದ ಮುಂದಿನ ಮೇಜಿನ ಮೇಲಿಟ್ಟು ಬಿಳಿ ಬಟ್ಟೆ ಹೊದಿಸಿದರು. ನಮ್ಮ ಸಭೆಯಲ್ಲಿ ಅವರೊಬ್ಬರೇ ಏನು, ಯಾರ ಕೈಗೆ ಆ ಪೆಟ್ಟಿಗೆಗಳು ಸಿಕ್ಕಿದ್ದರೂ ಹಾಗೇ ಮಾಡುತ್ತಿದ್ದರು.

ಭಾನುವಾರ ಇವರು ಬಂದು ಬಟ್ಟೆ ಎತ್ತಿ ನೋಡಲಿಲ್ಲ. ಆರಾಧನೆ ಶುರುವಾಯಿತು. ಅಳಿಯ ಮುಂದಿನ ಸಾಲಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಮದುವೆಗೆ ಹೊರಟ ಮದುಮಗನ ಹಾಗೆ ಕೂತಿದ್ದ. ಮಗಳು ಕೀಬೋರ್ಡಿನ ಹಿಂದೆ. ನಾನು ಹೆಂಗಸರ ಸಾಲಿನ ಅಂಚಿನಲ್ಲಿ, ಹಲ್ಲು ಕಚ್ಚಿಕೊಂಡು.

ಮೊದಲ ಕಾರ್ಡು ಖಜಾಂಚಿಯದು, ಅದು ಪದ್ಧತಿ. ಬೀಗರು ಕಣ್ಣು ಮುಚ್ಚಿ ಕೈ ಹಾಕಿ ಒಂದನ್ನು ತೆಗೆದು, ಚಿನ್ನದಂಚನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಮೈಕಿನಲ್ಲಿ ಓದಿದರು:

"ಅಯ್ಯೋ! ಮನೆಗೆ ಮನೆ ಕೂಡಿಸಿ, ಹೊಲಕ್ಕೆ ಹೊಲ ಸೇರಿಸಿ, ಬೇರೆಯವರಿಗೆ ನಿಲ್ಲಲೂ ಜಾಗವಿಲ್ಲದಂತೆ ಮಾಡುವವರೇ!"

"ಆಮೆನ್!" ಎಂದಿತು ಸಭೆ. ನಿಜ ಹೇಳಬೇಕೆಂದರೆ ಯಾರೂ ಕೇಳಿಸಿಕೊಂಡಿರಲಿಲ್ಲ. ಓದು ನಿಂತರೆ ಆಮೆನ್, ಅಷ್ಟೇ ಅವರಿಗೆ ಗೊತ್ತಿರುವುದು. ಬೀಗರ ಮುಖವಂತೂ ಅರಳಿತ್ತು. ಕಳೆದ ವರ್ಷ ಅಂಗಡಿಯ ಎರಡೂ ಪಕ್ಕದ ಮನೆಗಳನ್ನು ಕೊಂಡಿದ್ದರು. "ಮನೆಗೆ ಮನೆ! ಮೂರನೇದೂ ಆಗುತ್ತೆ ಅಂತ ಕಾಣ್ಸುತ್ತೆ," ಎಂದು ಕೂತರು. ಆ 'ಅಯ್ಯೋ' ದೇವರು ಅಕ್ಕರೆಯಿಂದ ಅಂದದ್ದೆಂದು ತಿಳಿದರೋ ಏನೋ.

ಇವರು ಮಾತ್ರ ಮೇಜಿನ ಅಂಚು ಹಿಡಿದುಕೊಂಡರು. ಪೆಟ್ಟಿಗೆ ಅದಲುಬದಲಾಗಿದೆ ಎಂದು ಇವರಿಗೆ ಹೊಳೆದದ್ದು ನನಗೆ ಕೂತಲ್ಲೇ ಕಂಡಿತು. ಅಷ್ಟರಲ್ಲಿ ಹಲ್ಲಿನ ಡಾಕ್ಟರು ಬಂದು ಕಾರ್ಡು ತೆಗೆದೇಬಿಟ್ಟರು.

"ನಾನು ನಿಮ್ಮ ಪಟ್ಟಣಗಳಲ್ಲೆಲ್ಲ ಹಲ್ಲುಗಳನ್ನು ಶುಚಿಯಾಗಿಟ್ಟೆನು," ಎಂದು ಓದುವಷ್ಟರಲ್ಲಿ ಅವರ ಕಣ್ಣಲ್ಲಿ ನೀರು ಬಂತು. "ಪಾಸ್ಟರ್, ದೇವರು... ನನ್ನ ಕ್ಲಿನಿಕ್ಕಿನ ವಿಷಯಾನೇ ಮಾತಾಡ್ತಿದಾನೆ!"

ಅದು ಬರಗಾಲದ ಶಾಪ. ತಿನ್ನಲು ಏನೂ ಇಲ್ಲದೆ ಹಲ್ಲು ಶುಚಿಯಾಗಿರುವುದು. ಕಾರ್ಡಿನ ಮುಂದಿನ ಸಾಲಿನಲ್ಲಿ 'ರೊಟ್ಟಿಯ ಕೊರತೆಯನ್ನು ಉಂಟುಮಾಡಿದೆನು' ಎಂದು ಸ್ಪಷ್ಟವಾಗಿ ಇತ್ತು, ಅದನ್ನೂ ಡಾಕ್ಟರು ಬಿಕ್ಕುತ್ತಲೇ ಓದಿದರು. ಆಮೆನ್ ಎಂದಿತು ಸಭೆ. ಇವರು ಕೆಮ್ಮಿ, "ಸಕ್ಕರೆ ಕಾಯಿಲೆ ಇರೋರಿಗೆ ರೊಟ್ಟಿ ಕಮ್ಮಿಯಾದ್ರೆ ಅದೂ ಆಶೀರ್ವಾದಾನೇ" ಎಂದು ವಿವರಣೆ ಕೊಟ್ಟರು. ಅಲ್ಲಿಗೆ ನನಗೆ ಗೊತ್ತಾಯಿತು, ಇವರು ನಿಲ್ಲಿಸುವುದಿಲ್ಲ. ಬಿಸಿ ತುಪ್ಪ ಬಾಯಿಗೆ ಬಿದ್ದಿದೆ, ಉಗುಳುವಂತಿಲ್ಲ, ಇನ್ನು ನುಂಗುತ್ತಲೇ ಹೋಗುತ್ತಾರೆ.

ಗಾಯನ ತಂಡದ ಮುಖ್ಯಸ್ಥನಿಗೆ 'ನಿನ್ನ ಹಾಡುಗಳ ಗದ್ದಲವನ್ನು ನನ್ನಿಂದ ದೂರಮಾಡು' ಎಂದು ಬಂತು. ದೂರ ಎಂದರೆ ದೂರದೂರದ ದೇಶಗಳಿಗೆ, ನಮ್ಮ ತಂಡಕ್ಕೆ ವಿದೇಶದಿಂದ ಕರೆ ಬರಲಿದೆ ಎಂದು ಇವರು ಬಿಡಿಸಿ ಹೇಳಿದರು. ಅವನು ಪಾಸ್‌ಪೋರ್ಟಿನ ವಿಚಾರ ಪಕ್ಕದವನ ಹತ್ತಿರ ಅಲ್ಲೇ ಶುರುಮಾಡಿದ.

ಮಹಿಳಾ ಸಂಘದ ಅಧ್ಯಕ್ಷೆ ಬಂದರು. ದಪ್ಪಗೆ, ಗಂಭೀರವಾಗಿ, ರೇಷ್ಮೆಯಲ್ಲಿ. ಕಾರ್ಡು ತೆಗೆದು, "ಬೆಟ್ಟದ ಮೇಲೆ ಮೇಯುವ ಕೊಬ್ಬಿದ ಹಸುಗಳೇ," ಎಂದು ಓದಿ ನಿಂತರು. ಈ ಸಲ ಆಮೆನ್ ಅರ್ಧ ಬಂದು ಅರ್ಧ ನಿಂತಿತು. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಅಂಥ ದಿನದಲ್ಲೂ ನಗು ಬರುತ್ತದಲ್ಲ, ಮನುಷ್ಯರ ಹಣೆಬರಹ.

"ಪೂರ್ತಿ ಓದ್ಬೇಕು," ಎಂದರು ಬೀಗರು ಕೂತಲ್ಲಿಂದ. ನಿಯಮ ಅವರದ್ದಲ್ಲವೇ?

"ಬಡವರನ್ನು ಜಜ್ಜಿ, ಗಂಡಂದಿರಿಗೆ 'ತನ್ನಿ, ಕುಡಿಯೋಣ' ಎನ್ನುವವರೇ, ಕೇಳಿರಿ." ಅಧ್ಯಕ್ಷೆ ಕಾರ್ಡನ್ನು ಇವರ ಮುಖದ ಮುಂದೆ ಹಿಡಿದರು. "ಏನ್ ಪಾಸ್ಟರ್ ಇದು? ಯಾರಿಗೆ ಹೇಳ್ತಿರೋದು ಇದು?"

"ಅಮ್ಮಾ, ಆ ಕಾಲದಲ್ಲಿ ಹಸು ಅಂದ್ರೆ ಸಮೃದ್ಧಿ," ಎಂದರು ಇವರು ಬೆವರೊರೆಸಿಕೊಳ್ಳುತ್ತಾ. "ಬೆಟ್ಟ ಅಂದ್ರೆ ಎತ್ತರದ ಸ್ಥಾನ. ದೇವರು ನಿಮ್ಮನ್ನ ಎತ್ತರದಲ್ಲಿ... ಮೇಯಿಸ್ತಾನೆ."

ಹೀಗೆ ಮನೆಮನೆಗೂ ಒಂದೊಂದು ಶಾಪ ಸಿಕ್ಕಿತು. ಸುಳ್ಳು ತಕ್ಕಡಿಯದು ದಿನಸಿ ವ್ಯಾಪಾರಿಗೆ, ದಂತದ ಮಂಚದ ಮೇಲೆ ಬಿದ್ದುಕೊಂಡಿರುವವರದು ನಿವೃತ್ತ ಸಾಹೇಬರಿಗೆ. ಒಂದೊಂದಕ್ಕೂ ಇವರು ಬೆಣ್ಣೆ ಹಚ್ಚಿ ಕೊಟ್ಟರು. ಇವರ ಬುದ್ಧಿ ಅಷ್ಟು ಚುರುಕಾಗಿ ಓಡಿದ್ದನ್ನು ನಾನು ಬೇರೆ ಯಾವತ್ತೂ ಕಂಡಿಲ್ಲ. ಆ ಬುದ್ಧಿಯಲ್ಲಿ ಒಂದು ಚೂರು ಮಗಳಿಗೆ ಖರ್ಚು ಮಾಡಿದ್ದರೆ ಸಾಕಿತ್ತು. ಇಷ್ಟಾದರೂ ಒಬ್ಬರಾದರೂ 'ಇದು ನನ್ನ ವಿಷಯ ಇರಬಹುದೇ?' ಎಂದು ಕೇಳಲಿಲ್ಲ. ದಿನಸಿಯವನು ದಂತದ ಮಂಚದವರನ್ನು ನೋಡಿ ನಕ್ಕ, ದಂತದ ಮಂಚದವರು ತಕ್ಕಡಿಯವನನ್ನು ನೋಡಿ ನಕ್ಕರು.

ಕೊನೆಯ ಕಾರ್ಡು ಪಾಸ್ಟರ ಮನೆಗೆ. ಇವರು ಕಣ್ಣು ಮುಚ್ಚಿ ಕೈ ಹಾಕಿದರು. ತೆಗೆದು ಓದಿಕೊಂಡರು, ಇನ್ನೊಮ್ಮೆ ಓದಿಕೊಂಡರು. ಆಮೇಲೆ ಮೈಕಿನ ಹತ್ತಿರ ಬಾಗಿ ಓದಿದರು:

"ವಿವಾಹ ಮುರಿಯುವುದನ್ನು ನಾನು ಹಗೆ ಮಾಡುತ್ತೇನೆ."

ಅಲ್ಲಿ ನಿಲ್ಲಿಸಿದರು.

"ಆಮೆನ್!" ಬೀಗರ ಕೂಗಿಗೆ ಸೂರಿನ ತಗಡು ಗುಂಯ್ ಎಂದಿತು. ಎದ್ದೇ ನಿಂತರು. "ನೋಡಿದ್ರಾ? ದೇವರೇ ಮಾತಾಡಿಬಿಟ್ಟ! ಇನ್ನೇನು ಸಾಕ್ಷಿ ಬೇಕು?" ಅಳಿಯ ಕಾಲರು ಸರಿಮಾಡಿಕೊಂಡ. ಇವರು ಕಾರ್ಡನ್ನು ಅಂಗಿಯ ಜೇಬಿನ ಕಡೆ ಒಯ್ದರು.

ನನಗೆ ಅದು ಹೇಗೆ ಧೈರ್ಯ ಬಂತೋ ಗೊತ್ತಿಲ್ಲ. ಧೈರ್ಯವಲ್ಲ, ಸಿಟ್ಟು. ಎದ್ದು ನಿಂತು, "ಇನ್ನೂ ಇದೆ. ಓದಿ," ಎಂದೆ.

ನಮ್ಮ ಸಭೆಯಲ್ಲಿ ಹೆಂಗಸರು ಹಾಡಬಹುದು, ಗುಡಿಸಬಹುದು, ನಡುವೆ ಮಾತಾಡುವಂತಿಲ್ಲ. ಎಲ್ಲರ ತಲೆಯೂ ನನ್ನ ಕಡೆ ತಿರುಗಿತು. "ಪೂರ್ತಿ ಓದ್ಬೇಕು ಅನ್ನೋದು ಖಜಾಂಚಿಗಳ ನಿಯಮ," ಎಂದೆ. "ಪಾಸ್ಟರಿಗೇನು ರಿಯಾಯಿತಿ ಇದೆಯಾ?"

"ಇಲ್ಲ ಇಲ್ಲ, ಓದಿ ಪಾಸ್ಟರ್," ಎಂದರು ಬೀಗರು ಉತ್ಸಾಹದಿಂದ. ಪಾಪ, ಉತ್ತರಾರ್ಧ ಅವರಿಗೆ ಗೊತ್ತಿಲ್ಲ. "ಎಲ್ಲಾರೂ ಚೆನ್ನಾಗಿ ಕೇಳಿಸ್ಕೊಳ್ಳಿ!"

ಇವರು ನನ್ನನ್ನು ನೋಡಿದರು. ಮಗಳನ್ನು ನೋಡಿದರು. ಅವಳು ಕೀಬೋರ್ಡಿನ ಮೇಲೆ ಎರಡೂ ಕೈ ಇಟ್ಟುಕೊಂಡು ಅಪ್ಪನ ಬಾಯಿಯನ್ನೇ ನೋಡುತ್ತಿದ್ದಳು. ಇವರು ಓದಿದರು, ಮೈಕು ಇಲ್ಲದಿದ್ದರೆ ಕೇಳಿಸುತ್ತಿರಲಿಲ್ಲ:

"ಹಿಂಸೆಯನ್ನೇ ಉಡುಪಾಗಿ ಹೊದ್ದುಕೊಂಡವನನ್ನೂ ಹಗೆ ಮಾಡುತ್ತೇನೆ, ಎಂದು ಸೇನಾಧೀಶ್ವರನಾದ ಕರ್ತನು ನುಡಿಯುತ್ತಾನೆ."

ಆಮೆನ್ ಬರಲಿಲ್ಲ. ಸೂರಿನ ಮೇಲೆ ಕಾಗೆಯೊಂದು ನಡೆದಾಡಿದ್ದು ಕೇಳಿಸಿತು. ಗಾಯನ ತಂಡದವನು ಮೊದಲು ನೋಡಿದ, ಆಮೇಲೆ ಅಧ್ಯಕ್ಷೆ, ಆಮೇಲೆ ಎಲ್ಲರೂ ನನ್ನ ಮಗಳ ಎಡಗೈಯನ್ನು ನೋಡಿದರು. ಅಳಿಯ ತನ್ನ ಅಂಗಿಯ ತೋಳಿನ ಗುಂಡಿಯನ್ನು ನೋಡತೊಡಗಿದ. ಬೀಗರ ಬಾಯಿ ಆಮೆನ್‌ಗೆಂದು ತೆರೆದದ್ದು ತೆರೆದೇ ಇತ್ತು.

ಇವರು ಕಾರ್ಡು ಕೆಳಗಿಳಿಸಿದರು. ಮಗಳ ಕಡೆ ಒಂದು ಹೆಜ್ಜೆ ಇಟ್ಟರು. ಹೇಳುತ್ತಾರೆ, ಈಗ ಹೇಳುತ್ತಾರೆ ಎಂದುಕೊಂಡೆ. ಮದುವೆಯಾದ ಮೇಲೆ ಈ ಮನುಷ್ಯನನ್ನು ನಾನು ಅಷ್ಟು ಪ್ರೀತಿಸಿದ ಗಳಿಗೆ ಇನ್ನೊಂದಿಲ್ಲ.

ಆಗ ಇವರು ತಲೆಯೆತ್ತಿ ಸೂರು ನೋಡಿದರು. ನೋಡಿ, ಪ್ರತಿ ಭಾನುವಾರ ಪೀಠದ ಮೇಲಿಂದ ನಗುವ ನಗೆಯನ್ನೇ ನಕ್ಕರು.

"ಪ್ರಿಯರೇ, ಒಂದು ಸಣ್ಣ ಅಚಾತುರ್ಯ ಆಗಿದೆ. ಪೆಟ್ಟಿಗೆ ಅದಲುಬದಲಾಗಿದೆ. ಇವು ನಮ್ಮ ಕಾರ್ಡುಗಳಲ್ಲ. ಈ ವಚನಗಳೆಲ್ಲ ಹೊರಗಿನವರಿಗೆ. ಇದು ಯಾವುದೂ ನಮಗೆ ಅನ್ವಯಿಸೋದಿಲ್ಲ."

ಸಭೆಯ ಉಸಿರು ಒಟ್ಟಿಗೇ ಹೊರಬಂತು. "ಹಾಗಾದ್ರೆ ಹಸು ನಾನಲ್ಲ!" ಎಂದರು ಅಧ್ಯಕ್ಷೆ ಪಕ್ಕದವರ ತೊಡೆ ತಟ್ಟಿ. ದಿನಸಿಯವನು ನಕ್ಕ, ದಂತದ ಮಂಚದವರು ನಕ್ಕರು. ಹಲ್ಲಿನ ಡಾಕ್ಟರು ಮಾತ್ರ ಎದ್ದು ನಿಂತು, "ಹಲ್ಲಿನದ್ದೂನಾ ಪಾಸ್ಟರ್?" ಎಂದು ಅಳುಮುಖ ಮಾಡಿ ಕೇಳಿದರು.

ಬೀಗರಿಗೆ ಈಗ ಮಾತು ಬಂತು. "ಅಂದ್ರೆ ನಮ್ಮ ವಾಗ್ದಾನಗಳು? ಹೆಂಡದಂಗಡೀಲಿ ಹಂಚಿಬಿಟ್ರಾ? ನಮ್ಮ ಕಣಜ ತುಂಬೋದೆಲ್ಲ ಕುಡುಕರ ಪಾಲಾಯ್ತಾ?" ಯಾರಾದರೂ ಹೋಗಿ ವಾಪಸು ಇಸಿದುಕೊಂಡು ಬನ್ನಿ ಎಂದರು. ಯಾರೂ ಏಳಲಿಲ್ಲ. ಕುಡುಕರ ಕೈಯಿಂದ ಆಶೀರ್ವಾದ ಕಿತ್ತುಕೊಳ್ಳುವುದು ಸುಲಭವಲ್ಲ.

"ಆಯ್ತು, ಮುಂದಿನ ಭಾನುವಾರ ಹೊಸದು ಮಾಡ್ಸೋಣ," ಎಂದು ಬೀಗರೇ ಸಮಾಧಾನ ತಂದುಕೊಂಡರು. "ಈಗ ಮಕ್ಕಳನ್ನ ಕರೀರಿ ಪಾಸ್ಟರ್. ಹೊತ್ತಾಯ್ತು."

ಇವರು ಕರೆದರು. ಮಗಳ ಮುಖ ನೋಡದೆ, ಕೈಯಲ್ಲಿದ್ದ ಕಾರ್ಡಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕರೆದರು. ಅಳಿಯ ಎದ್ದು ಹೋಗಿ ಮೇಜಿನ ಮುಂದೆ ನಿಂತ. ಮಗಳು ಕೀಬೋರ್ಡಿನ ಸ್ವಿಚ್ಚು ಆರಿಸಿ, ಎದ್ದು, ನಿಧಾನವಾಗಿ ಬಂದಳು. ಗಂಡನ ಪಕ್ಕ ನಿಲ್ಲಲಿಲ್ಲ. ಮೈಕಿನ ಹತ್ತಿರ ಹೋಗಿ ಅಪ್ಪನ ಎದುರು ನಿಂತಳು.

"ಅಪ್ಪಾ, ಆ ವಚನ ಒಳಗಿರೋರಿಗೆ ಅನ್ವಯಿಸಲ್ವಾ?"

"ಇಲ್ಲಮ್ಮಾ, ಅದು..." ಎಂದರು ಇವರು. "ಅದು ಹೊರಗಿನವರಿಗೆ ಅಂತ ಆರಿಸಿದ್ದು."

"ಹೊಡೆಯೋನನ್ನ ದೇವರು ಹಗೆ ಮಾಡೋದು ಹೊರಗೆ ಮಾತ್ರ?"

ಇವರು ಕಾರ್ಡನ್ನು ಮಗುಚಿ ಮೇಜಿನ ಮೇಲಿಟ್ಟರು.

"ಹಾಗಾದ್ರೆ ನಾನು ಹೊರಗೆ ಹೋಗ್ತೀನಿ ಅಪ್ಪಾ," ಎಂದಳು ಮಗಳು. ಜಗಳದ ದನಿಯಲ್ಲ, ಪೇಟೆಗೆ ಹೋಗಿಬರುತ್ತೇನೆ ಎನ್ನುವ ದನಿ.

ಹೇಳಿ, ತಿರುಗಿ, ಎರಡು ಸಾಲುಗಳ ನಡುವಿನ ದಾರಿಯಲ್ಲಿ ಬಾಗಿಲಿನ ಕಡೆ ನಡೆದಳು. ಅಳಿಯ "ಏಯ್" ಎಂದ. ಆ ಒಂದು 'ಏಯ್'ನಲ್ಲಿ ಮನೆಯೊಳಗಿನ ಅವನ ಸ್ವರವೆಲ್ಲ ಇತ್ತು, ಸಭೆ ಅದನ್ನು ಮೈಕಿನಲ್ಲಿ ಕೇಳಿತು. ಅವಳು ನಿಲ್ಲಲಿಲ್ಲ. ಯಾರೋ ಹಿಡಿಯಲು ಕೈ ಚಾಚಿ, ಅವಳ ಎಡಗೈ ಕಂಡು, ಚಾಚಿದ ಕೈಯನ್ನು ಹಿಂದೆಳೆದುಕೊಂಡರು.

ನಾನು ಚೀಲ ಎತ್ತಿಕೊಂಡೆ. "ನೀನೆಲ್ಲಿಗೆ? ಕೂತ್ಕೋ," ಎಂದರು ಇವರು ಪೀಠದ ಮೇಲಿಂದ. ನಾನು ಕೂರಲಿಲ್ಲ. ನನ್ನ ಚಪ್ಪಲಿಯ ಸದ್ದು ಅಷ್ಟು ದೊಡ್ಡದೆಂದು ನನಗೆ ಅಂದೇ ಗೊತ್ತಾದದ್ದು.

ಗೇಟಿನ ಹೊರಗೆ ಮಗಳು ಮರದ ನೆರಳಲ್ಲಿ ನಿಂತಿದ್ದಳು. ಊರಿನ ಉದ್ಧಾರಕ್ಕೆಂದು ನಮ್ಮ ಸಭೆ ಗೇಟಿನ ಮೇಲೊಂದು ಧ್ವನಿವರ್ಧಕ ಕಟ್ಟಿದೆ. ಒಳಗಿನದೆಲ್ಲ ರಸ್ತೆಗೆ ಕೇಳುತ್ತದೆ. ನಾನು ಹೋಗೋಣ ಎಂದೆ. ಅವಳು ಕೈ ಅಡ್ಡ ಹಿಡಿದು, "ಇರಮ್ಮಾ, ಕೇಳೋಣ" ಎಂದಳು. ಇನ್ನೂ ಕಾಯುತ್ತಿದ್ದಳು, ನನ್ನ ಕೂಸು.

ಸ್ವಲ್ಪ ಹೊತ್ತು ಬರೀ ಗುಜುಗುಜು. ಆಮೇಲೆ ಇವರು ಗಂಟಲು ಸರಿಮಾಡಿಕೊಂಡ ಸದ್ದು. "ಪ್ರಾರ್ಥಿಸೋಣ. ಕರ್ತನೇ, ಹಟಮಾರಿತನದಿಂದ ನಿನ್ನ ಆಲಯ ಬಿಟ್ಟು ಹೊರಗೆ ಹೋದವರನ್ನು ನಿನ್ನ ಕೈಗೆ ಒಪ್ಪಿಸ್ತೀವಿ. ಅವರಿಗೆ ನಿನ್ನ ನ್ಯಾಯತೀರ್ಪಿನ ಭಯ ಕೊಡು..."

"ಆಮೆನ್!" ಎಂದಿತು ಬೀಗರ ದನಿ. ಹಿಂದೆಯೇ ಸಭೆಯೆಲ್ಲ ಆಮೆನ್ ಎಂದಿತು.

ಮಗಳು ಕಣ್ಣೊರೆಸಿಕೊಂಡಳು. "ಸರಿ, ಅಪ್ಪ ಏನಂತಾರೆ ಅಂತ ಗೊತ್ತಾಯ್ತು," ಎಂದಳು. ಆಮೇಲೆ, "ನಾನು ಆಸ್ಪತ್ರೆಗೆ ಹೋಗ್ತೀನಿ. ಅಲ್ಲಿ ಕೈ ಹೇಗಾಯ್ತು ಅಂತ ಕೇಳ್ತಾರೆ, ಹೇಳ್ತೀನಿ. ಪೊಲೀಸಿಗೂ ಹೇಳಿ ಅಂದ್ರೆ ಅಲ್ಲೂ ಹೇಳ್ತೀನಿ. ನೀನು ಒಳಗೆ ಹೋಗಮ್ಮಾ. ಅಪ್ಪಂಗೆ ಮಧ್ಯಾಹ್ನ ಊಟಕ್ಕೆ ಬಡಿಸೋರು ಯಾರು?"

"ಆಮೆನ್ ಅಂದೋರು ಬಡಿಸ್ಲಿ," ಎಂದೆ.

ಅವಳ ಬಲಗೈ ಹಿಡಿದುಕೊಂಡು ಬಸ್ ನಿಲ್ದಾಣದ ಕಡೆ ನಡೆದೆ. ಇವರು ಕೊನೆಯ ಆಶೀರ್ವಾದ ಹೇಳುತ್ತಿದ್ದದ್ದು ರಸ್ತೆಯ ತಿರುವಿನ ತನಕ ಕೇಳಿಸುತ್ತಿತ್ತು.